ನಿಂತ ಗಡಿಯಾರಕ್ಕೆ ಮತ್ತೆ ಜೀವ: ಹಳೆಯ ಕ್ಯಾಂಪರ್ ವ್ಯಾನಿನ ಡ್ಯಾಶ್‌ಬೋರ್ಡ್ ಗಡಿಯಾರ ರಿಪೇರಿ

ನಮ್ಮ ವ್ಯಾನಿನ ಗಡಿಯಾರ ಎರಡು ವರ್ಷ ನಾಲ್ಕು ಇಪ್ಪತ್ತರಲ್ಲೇ ನಿಂತಿತ್ತು. ವ್ಯಾನ್ ಓಡುತ್ತಿತ್ತು, ಒಲೆ ಹತ್ತುತ್ತಿತ್ತು, ಮೇಲಿನ ಹಾಸಿಗೆಯಲ್ಲಿ ಮಕ್ಕಳು ಮಲಗುತ್ತಿದ್ದರು. ಗಡಿಯಾರ ಮಾತ್ರ ಕದಲಲಿಲ್ಲ. "ಅಪ್ಪಾ, ಇದ್ಯಾಕೆ ಯಾವಾಗ ನೋಡಿದ್ರೂ ಕಾಫಿ ಟೈಮೇ ತೋರ್ಸತ್ತೆ?" ಅಂತ ಮಗಳು ಕೇಳಿದ ದಿನ ನಾನು ಸ್ಕ್ರೂಡ್ರೈವರ್ ಹಿಡಿದು ಕೂತೆ.

ಬಿಚ್ಚಿ ನೋಡಿದರೆ ಒಳಗೆ ಏನೂ ಮುರಿದಿರಲಿಲ್ಲ. ಒಂದು ಸಣ್ಣ ಬೆಸುಗೆ ಬಿಟ್ಟುಕೊಂಡಿತ್ತು, ಅಷ್ಟೇ. ಅದೂ ಹಳತಾಗಿ ಬಿಟ್ಟದ್ದಲ್ಲ. ಗಡಿಯಾರ ಸುಟ್ಟುಹೋಗದಿರಲಿ ಅಂತ ಬಿಟ್ಟುಕೊಂಡದ್ದು. ಈ ಒಂದು ವಿಷಯ ಗೊತ್ತಿಲ್ಲದೆ ಎಷ್ಟೋ ಒಳ್ಳೆಯ ಗಡಿಯಾರಗಳು ಕಸಕ್ಕೆ ಹೋಗುತ್ತವೆ. ಇಲ್ಲವೇ ತಪ್ಪು ಬೆಸುಗೆ ಹಾಕಿಸಿಕೊಂಡು ನಿಜವಾಗಿಯೂ ಸುಟ್ಟುಹೋಗುತ್ತವೆ. ಅದು ತಪ್ಪಲಿ ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಉದಾಹರಣೆಗೆ ನಾನು ಇಟ್ಟುಕೊಂಡಿರುವುದು ಫೋಕ್ಸ್‌ವ್ಯಾಗನ್ ಟಿ2 ಮತ್ತು ಟಿ3 ವ್ಯಾನ್‌ಗಳನ್ನು. ಟಿ2 ಜರ್ಮನಿಯ ಹ್ಯಾನೋವರ್‌ನಲ್ಲಿ 1967ರಿಂದ 1979ರವರೆಗೆ ತಯಾರಾಯಿತು. 1979ರಲ್ಲೇ ಟಿ3 ಬಂತು. ಇವುಗಳಲ್ಲಿ ಹಲವನ್ನು ವೆಸ್ಟ್‌ಫಾಲಿಯಾ ಕಂಪನಿಯವರು ಹಾಸಿಗೆ, ಒಲೆ, ಎತ್ತುವ ಚಾವಣಿ ಕೂರಿಸಿ ಕ್ಯಾಂಪರ್ ಮಾಡಿದರು. ಜರ್ಮನಿ, ಇಂಗ್ಲೆಂಡ್, ಅಮೆರಿಕದ ರಸ್ತೆಗಳಲ್ಲಿ ಇವು ಇವತ್ತಿಗೂ ಓಡುತ್ತಿವೆ. ಆ ಊರುಗಳಲ್ಲಿರುವ ನಮ್ಮ ಕನ್ನಡದವರೂ ಇವನ್ನು ಕೊಂಡು ಸಾಕುತ್ತಿದ್ದಾರೆ. ನಿಮ್ಮ ಬಳಿ ಅದೇ ಕಾಲದ ಬೇರೆ ವ್ಯಾನೋ ಕಾರೋ ಇದ್ದರೂ ಚಿಂತೆ ಇಲ್ಲ. ಒಳಗಿನ ಕೆಲಸ ಹೆಚ್ಚುಕಡಿಮೆ ಇದೇ.

ನಿಮ್ಮದು ಯಾವ ಬಗೆ?

ಗಡಿಯಾರದ ಮುಖ ನೋಡಿ. ಅಲ್ಲಿ ಕ್ವಾರ್ಟ್ಜ್ ಅಂತ ಬರೆದಿದ್ದರೆ ಒಳಗೆ ಹರಳು, ಎಲೆಕ್ಟ್ರಾನಿಕ್ ಚಿಪ್, ಸಣ್ಣ ಮೋಟರ್ ಇರುತ್ತವೆ. ಟಿ3ರ ಮುಳ್ಳಿನ ಗಡಿಯಾರಗಳು ಈ ಬಗೆಯವು. ಹಾಗೆ ಬರೆದಿಲ್ಲದಿದ್ದರೆ, ವ್ಯಾನ್ 1970ರ ದಶಕದ್ದೋ ಅದಕ್ಕೂ ಹಿಂದಿನದೋ ಆಗಿದ್ದರೆ, ಅದು ತಾನೇ ಕೀ ಕೊಟ್ಟುಕೊಳ್ಳುವ ಗಡಿಯಾರ. ಆ ಕಾಲದ ಜರ್ಮನ್ ಗಾಡಿಗಳಲ್ಲಿ ಕೀನ್‌ಟ್ಸ್‌ಲೆ, ವಿಡಿಒ ಹೆಸರಿನವು ಸಾಮಾನ್ಯ. ಕಿವಿಯಲ್ಲೂ ಪತ್ತೆ ಹಚ್ಚಬಹುದು. ಓಡುತ್ತಿದ್ದ ದಿನಗಳಲ್ಲಿ ಒಂದೆರಡು ನಿಮಿಷಕ್ಕೊಮ್ಮೆ ಡ್ಯಾಶ್‌ಬೋರ್ಡ್ ಒಳಗಿಂದ "ಟಕ್" ಅಂತ ಸದ್ದು ಬರುತ್ತಿತ್ತಾ? ಹಾಗಾದರೆ ಅದೇ.

ಈ ಬರಹದ ಬಹುಪಾಲು ಆ ಟಕ್ ಗಡಿಯಾರದ್ದು. ರಿಪೇರಿ ಮಾಡುವ ಖುಷಿ ಇರುವುದೂ ಅದರಲ್ಲೇ. ಕ್ವಾರ್ಟ್ಜ್ ವಿಷಯ ಕೊನೆಗೆ ಬರುತ್ತದೆ. ಆದರೆ ಮುಂದಿನ ಎರಡು ಭಾಗ ಎರಡಕ್ಕೂ ಒಂದೇ.

ಬಿಚ್ಚುವ ಮುಂಚೆ ಫ್ಯೂಸ್ ನೋಡಿ

ಇದನ್ನು ಬಿಟ್ಟು ನೇರ ಡ್ಯಾಶ್‌ಬೋರ್ಡಿಗೆ ಕೈ ಹಾಕಬೇಡಿ. ಗಡಿಯಾರಕ್ಕೆ ಕೀಲಿ ತಿರುಗಿಸದಿದ್ದರೂ ಸದಾ ಕರೆಂಟ್ ಇರಬೇಕು. ಟಿ2ರಲ್ಲೂ ಮೊದಮೊದಲ ಟಿ3ರಲ್ಲೂ ಫ್ಯೂಸ್‌ಗಳು ಪುಟ್ಟ ಮದ್ದಿನ ಗುಂಡಿನಂತೆ ಇರುತ್ತವೆ. ಬಿಳಿಯದು 8 ಆಂಪ್, ಕೆಂಪು 16 ಆಂಪ್. ಎರಡು ತುದಿಗೂ ತಗಡಿನ ಹಿಡಿಕೆ. ಆ ತುದಿಗಳಲ್ಲಿ ಕಿಲುಬು ಕಟ್ಟುತ್ತದೆ. ಫ್ಯೂಸ್ ಸುಟ್ಟಿರುವುದಿಲ್ಲ, ಆದರೂ ಕರೆಂಟ್ ದಾಟುವುದಿಲ್ಲ. ಫ್ಯೂಸನ್ನು ಜಾಗದಲ್ಲೇ ಬೆರಳಿನಿಂದ ನಾಲ್ಕಾರು ಸುತ್ತು ತಿರುಗಿಸಿ. ಎಷ್ಟೋ ಸಲ ಇಷ್ಟಕ್ಕೇ ಗಡಿಯಾರ ಎದ್ದು ಕೂರುತ್ತದೆ. ಎದ್ದರೆ ಒಂದು ಹೊಸ ಫ್ಯೂಸ್ ಹಾಕಿ, ಹಿಡಿಕೆ ಉಜ್ಜಿ. ನಿಮ್ಮ ಕೆಲಸ ಮುಗಿಯಿತು.

ಇಲ್ಲದಿದ್ದರೆ ಗಡಿಯಾರದ ಹಿಂದಿನ ತಂತಿಗಳನ್ನು ಪರೀಕ್ಷಿಸಬೇಕು. ಜರ್ಮನ್ ಗಾಡಿಗಳಲ್ಲಿ ತಂತಿಗಳಿಗೆ ನಂಬರ್ ಇದೆ. 30 ಅಂದರೆ ಬ್ಯಾಟರಿಯಿಂದ ನೇರ ಬರುವ ಸದಾ ಕರೆಂಟಿನ ತಂತಿ. 15 ಅಂದರೆ ಕೀಲಿ ತಿರುಗಿಸಿದಾಗ ಮಾತ್ರ ಬರುವುದು. 31 ಅರ್ತ್. 58 ದೀಪದ್ದು. ಗಡಿಯಾರಕ್ಕೆ ಬೇಕಾದದ್ದು 30 ಮತ್ತು 31. ಇಲ್ಲಿ ಒಂದು ಎಚ್ಚರ ಹೇಳಲೇಬೇಕು. ಅರ್ತ್ ಅಂದರೆ ಕಪ್ಪು ತಂತಿ ಅಂತ ಕೈ ತಾನಾಗೇ ಕಪ್ಪನ್ನು ಹುಡುಕುತ್ತದೆ. ಈ ಗಾಡಿಗಳಲ್ಲಿ ಅರ್ತ್ ಕಂದು ಬಣ್ಣದ್ದು. ಕಪ್ಪು ತಂತಿಯಲ್ಲಿ ಕರೆಂಟ್ ಇರಬಹುದು.

ಮಲ್ಟಿಮೀಟರ್ ಒಂದನ್ನೇ ನಂಬಬೇಡಿ. ಮೀಟರ್ ಎಳೆಯುವ ಕರೆಂಟ್ ತೀರಾ ಕಡಿಮೆ. ಕಿಲುಬು ಹಿಡಿದ ಸಂಪರ್ಕದ ಮೂಲಕವೂ ಅದು 12 ವೋಲ್ಟ್ ತೋರಿಸಿಬಿಡುತ್ತದೆ. ಅದೇ ಜಾಗಕ್ಕೆ ಒಂದು ಇಂಡಿಕೇಟರ್ ಬಲ್ಬ್ ಹಿಡಿಯಿರಿ. ಚೆನ್ನಾಗಿ ಉರಿದರೆ ಸರಿ. ಮಂಕಾಗಿ ಉರಿದರೆ ಅಥವಾ ಉರಿಯದಿದ್ದರೆ ತೊಂದರೆ ತಂತಿಯಲ್ಲಿದೆ, ಗಡಿಯಾರದಲ್ಲಿಲ್ಲ.

ಹೊರಗೆ ತೆಗೆಯುವುದು

ಮೊದಲು ಬ್ಯಾಟರಿಯ ಮೈನಸ್ ಬಿಚ್ಚಿ. ಕ್ಯಾಂಪರ್‌ಗಳಲ್ಲಿ ಫ್ರಿಜ್, ದೀಪಕ್ಕೆ ಅಂತ ಎರಡನೇ ಬ್ಯಾಟರಿ ಇರುವುದುಂಟು. ಇದ್ದರೆ ಅದನ್ನೂ ಬಿಚ್ಚಿ.

ಟಿ2ರಲ್ಲಿ ದುಂಡನೆಯ ಮೀಟರ್‌ಗಳಿರುವ ಇಡೀ ಭಾಗ ಮುಂದಿನಿಂದ ಸ್ಕ್ರೂಗಳಲ್ಲಿ ನಿಂತಿರುತ್ತದೆ. ಸ್ಕ್ರೂ ತೆಗೆದು, ಹಿಂದೆ ಕೈ ಹಾಕಿ ಸ್ಪೀಡೋಮೀಟರ್ ಕೇಬಲ್ಲಿನ ನಟ್ ತಿರುಗಿಸಿ ಬಿಡಿಸಿದರೆ ಮುಂದಕ್ಕೆ ಬರುತ್ತದೆ. ಟಿ3ರಲ್ಲಿ ಮೊದಲು ಮೇಲಿನ ಪ್ಲಾಸ್ಟಿಕ್ ಮುಚ್ಚಳ ಎತ್ತಬೇಕು. ಅದು ಕ್ಲಿಪ್ಪುಗಳಲ್ಲಿ ಕೂತಿರುತ್ತದೆ. ನಲವತ್ತು ಬಿಸಿಲುಗಾಲ ಕಂಡ ಪ್ಲಾಸ್ಟಿಕ್ ಅದು, ಹಪ್ಪಳದಂತೆ ಮುರಿಯುತ್ತದೆ. ಜನವರಿಯ ಚಳಿಯಲ್ಲಿ ಮಾಡಬೇಡಿ. ಬಿಸಿಲಲ್ಲಿ ವ್ಯಾನ್ ಒಂದು ತಾಸು ನಿಂತ ಮೇಲೆ ಎತ್ತಿ.

ಪ್ರತಿ ತಂತಿ ಬಿಡಿಸುವ ಮುಂಚೆ ಫೋನಿನಲ್ಲಿ ಫೋಟೋ ತೆಗೆಯಿರಿ. ತಂತಿಗೆ ಕಾಗದದ ಪಟ್ಟಿ ಸುತ್ತಿ ನಂಬರ್ ಬರೆಯಿರಿ. ಫೋಟೋದಲ್ಲಿ ಕಂದೂ ಕೆಂಪೂ ಒಂದೇ ತರ ಕಾಣುತ್ತವೆ, ಹಾಗಾಗಿ ಎರಡೂ ಬೇಕು.

ಮೀಟರ್‌ಗಳು ಹೊರಗಿರುವಾಗ ಸುಮ್ನೆ ಒಂದು ಸುತ್ತು ಹೋಗಿ ಬರೋಣ ಅಂತ ಎಂಜಿನ್ ಶುರು ಮಾಡಬೇಡಿ. ಆಲ್ಟರ್ನೇಟರ್ ಚಾರ್ಜ್ ಮಾಡಲು ಶುರು ಮಾಡುವುದು ಅಲ್ಲಿನ ಕೆಂಪು ದೀಪದ ಮೂಲಕ. ಆ ದೀಪ ಇಲ್ಲದಿದ್ದರೆ ಬ್ಯಾಟರಿ ಚಾರ್ಜ್ ಆಗದೆ ಇಳಿಯುತ್ತದೆ. ಎಣ್ಣೆಯ ಒತ್ತಡ ಬಿದ್ದರೂ ನಿಮಗೆ ಗೊತ್ತಾಗುವುದಿಲ್ಲ.

ಮುಚ್ಚಳ ತೆರೆಯುವುದು

ಮೇಜಿನ ಮೇಲೆ ಬಿಳಿ ಪಂಚೆ ಹಾಸಿ. ಸ್ಕ್ರೂ ಬಿದ್ದರೆ ಉರುಳುವುದಿಲ್ಲ, ಕಣ್ಣಿಗೂ ಕಾಣುತ್ತದೆ. ಬೇಕಾದದ್ದು ಇಷ್ಟು: ಸಣ್ಣ ಸ್ಕ್ರೂಡ್ರೈವರ್‌ಗಳು, ಚಿಮಟ, ಭೂತಗನ್ನಡಿ, ಮಲ್ಟಿಮೀಟರ್, ತೆಳು ಮೂತಿಯ ಸೋಲ್ಡರಿಂಗ್ ಐರನ್, ಐಸೊಪ್ರೊಪೈಲ್ ಆಲ್ಕೋಹಾಲ್, ಗಡಿಯಾರದ ಎಣ್ಣೆ, 2000 ನಂಬರಿನ ಎಮರಿ ಪೇಪರ್, 12 ವೋಲ್ಟ್ 21 ವಾಟಿನ ಒಂದು ಇಂಡಿಕೇಟರ್ ಬಲ್ಬ್. ಬೆಸುಗೆಯ ಸೀಸದ ವಿಷಯ ಮುಂದೆ ಬರುತ್ತದೆ, ಅದನ್ನು ಓದದೆ ಕೊಳ್ಳಬೇಡಿ.

ಹಳೆಯ ಗಡಿಯಾರದ ಗಾಜನ್ನು ಹಿಡಿದಿರುವ ಉಂಗುರದ ಅಂಚನ್ನು ಡಬ್ಬಿಯ ಮೇಲೆ ಮಡಚಿರುತ್ತಾರೆ. ಹೋಳಿಗೆ ಅಂಚು ಬಿಡಿಸಿದಂತೆ ಸುತ್ತಲೂ ಸ್ವಲ್ಪ ಸ್ವಲ್ಪವೇ ಎತ್ತುತ್ತಾ ಬನ್ನಿ. ಒಂದೇ ಕಡೆ ಜೋರಾಗಿ ಎತ್ತಿದರೆ ಉಂಗುರ ಡೊಂಕಾಗುತ್ತದೆ, ಮತ್ತೆ ನೆಟ್ಟಗಾಗುವುದಿಲ್ಲ. ನಾಲ್ಕು ಸುತ್ತು ಬೇಕಾಗಬಹುದು. ಅವಸರ ಬೇಡ.

ಮುಳ್ಳುಗಳನ್ನು ತೆಗೆಯಲೇಬೇಕು ಅಂತಿಲ್ಲ. ಎಷ್ಟೋ ಗಡಿಯಾರಗಳಲ್ಲಿ ಹಿಂದಿನ ಎರಡು ಮೂರು ಸ್ಕ್ರೂ ಬಿಚ್ಚಿದರೆ ಒಳಗಿನದು ಮುಖದ ಸಮೇತ ಹೊರಬರುತ್ತದೆ. ಮುಳ್ಳಿನ ಬಣ್ಣ ಮುಟ್ಟಿದರೆ ಉದುರುತ್ತದೆ. ಮುಖದ ಮೇಲಿನ ಅಂಕಿಗಳಿಗೆ ಆಲ್ಕೋಹಾಲ್ ತಾಗಿದರೆ ಅವೂ ಅಳಿಸಿಹೋಗುತ್ತವೆ. ಧೂಳಿದ್ದರೆ ಮೆತ್ತನೆಯ ಒಣ ಬ್ರಷ್ ಸಾಕು.

ಇದು ಹೇಗೆ ನಡೆಯುತ್ತದೆ

ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ. ನಡೆಯುವ ಬಗೆ ತಿಳಿದರೆ ರಿಪೇರಿ ತಾನಾಗೇ ಹೊಳೆಯುತ್ತದೆ.

ನಾನು ಬೆಳೆದದ್ದು ತುಮಕೂರಿನಲ್ಲಿ. ಎಚ್‌ಎಂಟಿ ಕೈಗಡಿಯಾರದ ಕಾರ್ಖಾನೆ ನಮ್ಮೂರಲ್ಲೇ ಇದ್ದ ಕಾಲ ಅದು. ಅಪ್ಪ ದಿನಾ ಬೆಳಗ್ಗೆ ರೇಡಿಯೋ ವಾರ್ತೆಯ ಹೊತ್ತಿಗೆ ತಮ್ಮ ವಾಚಿಗೆ ಕೀ ಕೊಡುತ್ತಿದ್ದರು. ಆ ವಾಚಿನಲ್ಲಿದ್ದಂತೆಯೇ ಇದರಲ್ಲೂ ಕೂದಲೆಳೆಯ ಸ್ಪ್ರಿಂಗ್, ಅತ್ತಿತ್ತ ಆಡುವ ಚಕ್ರ, ಹಲ್ಲುಗಳು ಎಲ್ಲ ಇವೆ. ವ್ಯತ್ಯಾಸ ಇಷ್ಟೇ: ಕೀ ಕೊಡುವ ಕೈ ಮನುಷ್ಯನದಲ್ಲ, ಕಾಯಿಲಿನದು, ಅಂದರೆ ತಾಮ್ರದ ತಂತಿಯ ಸುರುಳಿಯದು.

ಒಳಗೆ ಒಂದು ಚಿಕ್ಕ ಸ್ಪ್ರಿಂಗ್ ಒಂದು ತೋಳನ್ನು ಎಳೆಯುತ್ತಿರುತ್ತದೆ. ತೋಳು ಮೆಲ್ಲಗೆ ಇಳಿಯುತ್ತಾ ಗಡಿಯಾರವನ್ನು ಓಡಿಸುತ್ತದೆ. ಒಂದೆರಡು ನಿಮಿಷದಲ್ಲಿ ತೋಳಿನ ತುದಿಯ ಪಾಯಿಂಟ್, ಅಂದರೆ ಕರೆಂಟ್ ದಾಟುವ ಪುಟ್ಟ ಲೋಹದ ತುಣುಕು, ಎದುರಿನ ಪಾಯಿಂಟಿಗೆ ತಾಗುತ್ತದೆ. ತಾಗಿದ ತಕ್ಷಣ ಕಾಯಿಲಿಗೆ ಕರೆಂಟ್ ಹೋಗಿ ಅದು ಆಯಸ್ಕಾಂತವಾಗುತ್ತದೆ, ತೋಳನ್ನು ಟಕ್ ಅಂತ ಹಿಂದಕ್ಕೆ ಎಸೆಯುತ್ತದೆ. ಸ್ಪ್ರಿಂಗಿಗೆ ಮತ್ತೆ ಕೀ ಸಿಕ್ಕಿತು. ಪಾಯಿಂಟ್ ಬೇರೆಯಾಯಿತು, ಕರೆಂಟ್ ನಿಂತಿತು. ಕರೆಂಟ್ ಹರಿಯುವುದು ಕಣ್ಣು ಮಿಟುಕಿಸುವಷ್ಟು ಹೊತ್ತು ಮಾತ್ರ.

ಈಗ ಬ್ಯಾಟರಿ ಇಳಿದಿದೆ ಅಂದುಕೊಳ್ಳಿ. ತುಂಬಿದ ಬ್ಯಾಟರಿ ಸುಮ್ಮನಿರುವಾಗ 12.6 ವೋಲ್ಟ್ ತೋರಿಸುತ್ತದೆ. ಅದು ಇಳಿಯುತ್ತಾ ಹೋದರೆ ಕಾಯಿಲಿಗೆ ತೋಳನ್ನು ಎಸೆಯುವ ಕಸುವು ಸಾಲುವುದಿಲ್ಲ. ಪಾಯಿಂಟ್ ತಾಗಿದ್ದು ತಾಗಿಯೇ ಇರುತ್ತದೆ. ಕ್ಷಣ ಮಾತ್ರ ಹರಿಯಬೇಕಾದ ಕರೆಂಟ್ ಗಂಟೆಗಟ್ಟಲೆ ಹರಿಯುತ್ತದೆ. ಕಾಯಿಲ್ ಕಾಯುತ್ತದೆ. ಗಾಡಿಯ 8 ಆಂಪ್ ಫ್ಯೂಸ್ ಇದನ್ನು ಗಮನಿಸುವುದೂ ಇಲ್ಲ, ಇಷ್ಟು ಸಣ್ಣ ಕಾಯಿಲಿಗೆ ಅದು ತುಂಬಾ ದೊಡ್ಡದು.

ಅದಕ್ಕೇ ಕಾಯಿಲಿನ ಪಕ್ಕ ಒಂದು ಏರ್ಪಾಡಿದೆ. ತೆಳ್ಳಗಿನ ಲೋಹದ ಎಸಳೊಂದನ್ನು ಬಗ್ಗಿಸಿ, ಬೇಗ ಕರಗುವ ಬೆಸುಗೆಯ ಒಂದು ತೊಟ್ಟಿನಿಂದ ಹಿಡಿದು ನಿಲ್ಲಿಸಿರುತ್ತಾರೆ. ಶಾಖ ಏರಿದರೆ ಆ ತೊಟ್ಟು ಕರಗುತ್ತದೆ, ಎಸಳು ಚಂಗನೆ ನೆಗೆದು ಕರೆಂಟ್ ಕತ್ತರಿಸುತ್ತದೆ. ಗಡಿಯಾರ ನಿಲ್ಲುತ್ತದೆ, ಕಾಯಿಲ್ ಉಳಿಯುತ್ತದೆ.

ಕ್ಯಾಂಪರ್ ವ್ಯಾನಿನಲ್ಲೇ ಇದು ಜಾಸ್ತಿ ಆಗುವುದಕ್ಕೆ ಕಾರಣ ಇದೆ. ಜರ್ಮನಿಯಲ್ಲಿ ಎಷ್ಟೋ ಜನ ಹಳೆಯ ವ್ಯಾನಿಗೆ ಸೀಸನ್ ನಂಬರ್ ಪ್ಲೇಟ್ ತೆಗೆದುಕೊಳ್ಳುತ್ತಾರೆ. ಅದರ ಮೇಲೆ 04, 10 ಅಂತ ಇದ್ದರೆ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಮಾತ್ರ ರಸ್ತೆಗೆ ಇಳಿಸಬಹುದು. ಉಳಿದ ಐದು ತಿಂಗಳು ವ್ಯಾನ್ ಶೆಡ್ಡಿನಲ್ಲಿ. ಚಳಿಯಲ್ಲಿ ಬ್ಯಾಟರಿ ದಿನದಿನಕ್ಕೂ ಇಳಿಯುತ್ತದೆ. ಗಡಿಯಾರ ಕೀ ಕೊಟ್ಟುಕೊಳ್ಳುತ್ತಲೇ ಇರುತ್ತದೆ, ಒಂದು ರಾತ್ರಿ ಅದಕ್ಕೆ ಶಕ್ತಿ ಸಾಲದೆ ಹೋಗುತ್ತದೆ. ಏಪ್ರಿಲ್‌ನಲ್ಲಿ ಬಂದು ನೋಡಿದರೆ ನಾಲ್ಕು ಇಪ್ಪತ್ತು.

ಕೈಯಿಂದ ಕೀ ಕೊಟ್ಟು ನೋಡಿ

ಕರೆಂಟ್ ಏನೂ ಬೇಡ. ಹಲ್ಲುಕಡ್ಡಿಯ ತುದಿಯಿಂದ ಆ ತೋಳನ್ನು ಮೆಲ್ಲಗೆ ಹಿಂದಕ್ಕೆ ತಳ್ಳಿ ಬಿಡಿ. ಚಕ್ರ ಆಡಲು ಶುರುವಾಗಿ ಒಂದು ನಿಮಿಷವಾದರೂ ಓಡಿತೋ? ಹಾಗಾದರೆ ಯಂತ್ರ ಚೆನ್ನಾಗಿದೆ, ತೊಂದರೆ ಕರೆಂಟಿನ ದಾರಿಯಲ್ಲಿ. ಎರಡು ಸಲ ಆಡಿ ನಿಂತರೆ ಎಣ್ಣೆ ಒಣಗಿ ಅಂಟಾಗಿದೆ.

ಆಮೇಲೆ ಕಾಯಿಲಿನ ಎರಡು ತುದಿಗೆ ಮೀಟರ್ ಹಿಡಿದು ಓಮ್ ನೋಡಿ. ಏನೋ ಒಂದು ಸಣ್ಣ ಅಂಕಿ ಬಂದರೆ ಕಾಯಿಲ್ ಬದುಕಿದೆ. ಮೀಟರ್ ಏನೂ ತೋರಿಸದಿದ್ದರೆ ಒಳಗೆ ತಂತಿ ತುಂಡಾಗಿದೆ. ಅಂಥದ್ದನ್ನು ಮನೆಯಲ್ಲಿ ಸುತ್ತುವುದು ಕಷ್ಟ. ಇನ್ನೊಂದು ಹಳೆಯ ಗಡಿಯಾರ ಕೊಂಡು ಅದರ ಕಾಯಿಲ್ ತೆಗೆದು ಹಾಕುವುದೇ ಮೇಲು.

ಪಾಯಿಂಟ್ ಉಜ್ಜುವುದು

ಬಜಾಜ್ ಸ್ಕೂಟರಿನ ಸಿಬಿ ಪಾಯಿಂಟ್ ಉಜ್ಜಿದವರಿಗೆ ಈ ಕೆಲಸ ಹೊಸದಲ್ಲ, ಗಾತ್ರ ಮಾತ್ರ ಚಿಕ್ಕದು. ಭೂತಗನ್ನಡಿಯಲ್ಲಿ ನೋಡಿ. ಪಾಯಿಂಟಿನ ಮುಖ ಕಪ್ಪಾಗಿರುತ್ತದೆ, ಕೆಲವೊಮ್ಮೆ ಒಂದರಲ್ಲಿ ಸಣ್ಣ ಗುಳಿ, ಎದುರಿನದರಲ್ಲಿ ಸಣ್ಣ ಗುಬ್ಬಿ ಇರುತ್ತದೆ.

ಬರೀ ಕಪ್ಪಾಗಿದ್ದರೆ ಎಮರಿ ಬೇಡ. ವಿಸಿಟಿಂಗ್ ಕಾರ್ಡನ್ನು ಪಟ್ಟಿ ಕತ್ತರಿಸಿ, ಆಲ್ಕೋಹಾಲಿನಲ್ಲಿ ಅದ್ದಿ, ಎರಡು ಪಾಯಿಂಟಿನ ನಡುವೆ ಇಟ್ಟು ಎಳೆಯಿರಿ. ಕಾಗದದ ಮೇಲೆ ಕಪ್ಪು ಗೆರೆ ಮೂಡುತ್ತದೆ. ಹೊಸ ಪಟ್ಟಿ ತೆಗೆದುಕೊಳ್ಳಿ, ಮತ್ತೆ ಎಳೆಯಿರಿ. ಗೆರೆ ಬರುವುದು ನಿಲ್ಲುವವರೆಗೆ ಇದೇ ಕೆಲಸ. ಗುಬ್ಬಿ ಇದ್ದರೆ ಮಾತ್ರ 2000 ನಂಬರಿನ ಎಮರಿಯ ಪಟ್ಟಿಯನ್ನು ಒಂದೆರಡು ಸಲ ಎಳೆದು, ಆಮೇಲೆ ಮತ್ತೆ ಕಾಗದದಿಂದ ಒರೆಸಿ. ಎಮರಿಯ ಪುಡಿ ಉಳಿದರೆ ಅದೇ ಹೊಸ ತೊಂದರೆ. ತೋಳನ್ನು ಎಲ್ಲೂ ಬಗ್ಗಿಸಬೇಡಿ.

ಎಣ್ಣೆಯ ಮಾತು ಇಲ್ಲೇ ಹೇಳಿಬಿಡುತ್ತೇನೆ. ತುಕ್ಕು ಬಿಡಿಸುವ ಸ್ಪ್ರೇ ಹೊಡೆಯಬೇಡಿ. ಅಡುಗೆ ಎಣ್ಣೆ, ಹೊಲಿಗೆ ಯಂತ್ರದ ಎಣ್ಣೆಯೂ ಬೇಡ. ಅಂಟಾಗಿದ್ದರೆ ಮೊದಲು ಚಕ್ರಗಳ ಅಚ್ಚಿನ ತುದಿಗಳನ್ನು ಆಲ್ಕೋಹಾಲ್ ಅದ್ದಿದ ಸಣ್ಣ ಬ್ರಷ್‌ನಿಂದ ತೊಳೆದು ಒಣಗಿಸಿ. ಆಮೇಲೆ ಗುಂಡುಸೂಜಿಯ ತುದಿಯನ್ನು ಗಡಿಯಾರದ ಎಣ್ಣೆಗೆ ಮುಟ್ಟಿಸಿ, ಆ ತುದಿಯಲ್ಲಿ ನಿಂತಷ್ಟನ್ನು ಮಾತ್ರ ಅಚ್ಚು ಕೂರುವ ತೂತಿಗೆ ತಾಗಿಸಿ. ಹಲ್ಲಿಗೆ ಎಣ್ಣೆ ಬೇಡ. ಕೂದಲೆಳೆ ಸ್ಪ್ರಿಂಗಿಗಂತೂ ಬೇಡವೇ ಬೇಡ, ಸುತ್ತುಗಳು ಒಂದಕ್ಕೊಂದು ಅಂಟಿ ಗಡಿಯಾರ ಓಡೋಡಿ ಮುಂದೆ ಹೋಗುತ್ತದೆ.

ಆ ಒಂದು ತೊಟ್ಟು ಬೆಸುಗೆ

ಹಳೆ ಸಾಮಾನಿನ ಸಂತೆಯಲ್ಲಿ ಒಮ್ಮೆ ಬಿಡಿಭಾಗಕ್ಕೆ ಅಂತ ಒಂದು ಗಡಿಯಾರ ಕೊಂಡೆ. ಮನೆಗೆ ತಂದು ತೆರೆದಾಗ ಸುಟ್ಟ ವಾಸನೆ ಮೂಗಿಗೆ ಬಡಿಯಿತು. ತಾಮ್ರದ ಬಣ್ಣ ಇರಬೇಕಾದ ಕಾಯಿಲ್ ಹುರಿದ ಕಾಫಿ ಬೀಜದ ಬಣ್ಣಕ್ಕೆ ತಿರುಗಿತ್ತು. ಎಸಳು ಮಾತ್ರ ತನ್ನ ಜಾಗದಲ್ಲಿ ಭದ್ರವಾಗಿ ಕೂತಿತ್ತು, ಮೇಲೆ ದಪ್ಪನೆಯ ಹೊಳೆಯುವ ಬೆಸುಗೆ. ಹಿಂದೆ ಯಾರೋ ಬಿಟ್ಟುಕೊಂಡದ್ದನ್ನು ನೋಡಿ ರೇಡಿಯೋಗೆ ಹಾಕುವ ಮಾಮೂಲಿ ಸೀಸದಿಂದ ಗಟ್ಟಿಯಾಗಿ ಬೆಸೆದಿದ್ದರು. ಮುಂದಿನ ಸಲ ಬ್ಯಾಟರಿ ಇಳಿದಾಗ ಬೆಸುಗೆ ಕರಗುವ ಮುಂಚೆ ಕಾಯಿಲೇ ಬೆಂದುಹೋಗಿತ್ತು. ಒಳ್ಳೆಯ ಮನಸ್ಸಿನಿಂದ ಮಾಡಿದ ರಿಪೇರಿಯೇ ಆ ಗಡಿಯಾರವನ್ನು ಕೊಂದಿತು. ನನಗೆ ತುಂಬಾ ಬೇಜಾರಾಯಿತು.

ಮಾಮೂಲಿ ತವರ ಮತ್ತು ಸೀಸದ ಬೆಸುಗೆ ಕರಗಲು 183 ಡಿಗ್ರಿ ಸೆಲ್ಸಿಯಸ್ ಬೇಕು. ಸೀಸ ಇಲ್ಲದ ಹೊಸ ಬಗೆಯದಕ್ಕೆ 217ರ ಆಸುಪಾಸು ಬೇಕು, ಅದು ಇನ್ನೂ ಕೆಟ್ಟ ಆಯ್ಕೆ. ನಿಮಗೆ ಬೇಕಾದದ್ದು ತವರ ಮತ್ತು ಬಿಸ್ಮತ್ ಸೇರಿದ್ದು. 42 ಪಾಲು ತವರ, 58 ಪಾಲು ಬಿಸ್ಮತ್ ಇರುವುದು 138 ಡಿಗ್ರಿಗೆ ಕರಗುತ್ತದೆ. ಮೊಬೈಲ್ ರಿಪೇರಿಯವರು ಇದನ್ನು ಪೇಸ್ಟ್ ರೂಪದಲ್ಲಿ ಬಳಸುತ್ತಾರೆ, ಹಾಗಾಗಿ ಸಿಗುವುದು ಕಷ್ಟವಲ್ಲ. ನಾನು ರಜೆಗೆ ಊರಿಗೆ ಬಂದಾಗ ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಒಂದು ಪುಟ್ಟ ಡಬ್ಬಿ ತಂದಿಟ್ಟುಕೊಂಡೆ. ಇನ್ನೂ ಬೇಗ, 70 ಡಿಗ್ರಿಗೇ ಕರಗುವ ವುಡ್ಸ್ ಮೆಟಲ್ ಅಂತ ಒಂದಿದೆ. ಅದರಲ್ಲಿ ಕ್ಯಾಡ್ಮಿಯಂ ಇದೆ, ವಿಷ. ಮನೆಯ ಮೇಜಿನ ಮೇಲೆ ಬೇಡ.

ಬೆಸುಗೆ ಹೀಗೆ ಹಾಕಿ. ಹಳೆಯ ಬೆಸುಗೆಯನ್ನು ಪೂರ್ತಿ ತೆಗೆಯಿರಿ. ಹಳೆಯ ಸೀಸ ಬಿಸ್ಮತ್ ಜೊತೆ ಬೆರೆತರೆ ಕರಗುವ ಶಾಖವೇ ಬದಲಾಗಿಬಿಡುತ್ತದೆ. ಐರನ್ನಿನ ತುದಿಯನ್ನೂ ಒರೆಸಿ ಶುದ್ಧ ಮಾಡಿ. ಎಸಳಿನ ತುದಿ, ಅದು ಕೂರುವ ಜಾಗ, ಎರಡನ್ನೂ ಮೆಲ್ಲಗೆ ಕೆರೆದು ಹೊಳಪು ಬರಿಸಿ. ಪೇಸ್ಟನ್ನು ಸಾಸಿವೆ ಕಾಳಿನಷ್ಟು ಇಡಿ. ಹಲ್ಲುಕಡ್ಡಿಯಿಂದ ಎಸಳನ್ನು ಒತ್ತಿ ಹಿಡಿದು ಐರನ್ ಮುಟ್ಟಿಸಿ. ಎರಡು ಸೆಕೆಂಡಿನಲ್ಲಿ ಬೂದು ಪೇಸ್ಟ್ ಬೆಳ್ಳಿಯಂತೆ ಹೊಳೆದು ಹರಡುತ್ತದೆ. ಐರನ್ ತೆಗೆಯಿರಿ, ಆದರೆ ಹಲ್ಲುಕಡ್ಡಿ ತೆಗೆಯಬೇಡಿ. ಇಲ್ಲೇ ಎಲ್ಲರೂ ಎಡವುವುದು. ಹೊಳಪು ಮಂಕಾಗುವವರೆಗೆ, ಆಮೇಲೂ ನಿಧಾನಕ್ಕೆ ಇಪ್ಪತ್ತು ಎಣಿಸುವವರೆಗೆ ಹಿಡಿದೇ ಇರಿ. ಎಸಳಿನಲ್ಲಿ ನೆಗೆಯುವ ಬಲ ಸದಾ ಇರುತ್ತದೆ. ಬೇಗ ಬಿಟ್ಟರೆ ಹಸಿ ಬೆಸುಗೆ ಸೀಳುತ್ತದೆ.

ಕಿಟಕಿ ತೆರೆದಿಟ್ಟು ಮಾಡಿ, ಮುಗಿದ ಮೇಲೆ ಕೈ ತೊಳೆಯಿರಿ.

ಮೇಜಿನ ಮೇಲೆ ಓಡಿಸಿ ನೋಡುವುದು

ನೇರ ಬ್ಯಾಟರಿಗೆ ಕೊಡಬೇಡಿ. ಆ 21 ವಾಟ್ ಬಲ್ಬನ್ನು ನಡುವೆ ಸೇರಿಸಿ: ಬ್ಯಾಟರಿಯ ಪ್ಲಸ್, ಬಲ್ಬ್, ಗಡಿಯಾರ, ಮತ್ತೆ ಮೈನಸ್. ತಣ್ಣಗಿರುವ ಬಲ್ಬು ಕರೆಂಟನ್ನು ಬಹುತೇಕ ತಡೆಯುವುದಿಲ್ಲ. ಹಾಗಾಗಿ ಕಾಯಿಲಿಗೆ ಟಕ್ ಅನ್ನಲು ಬೇಕಾದಷ್ಟು ಶಕ್ತಿ ಸಿಗುತ್ತದೆ, ಬಲ್ಬಿಗೆ ಬೆಳಗುವಷ್ಟು ಹೊತ್ತೇ ಇರುವುದಿಲ್ಲ. ಪಾಯಿಂಟ್ ಸಿಕ್ಕಿಕೊಂಡರೆ ಮಾತ್ರ ಬಲ್ಬ್ ಕಾದು ಹೊತ್ತಿಕೊಳ್ಳುತ್ತದೆ, ಹೊತ್ತಿಕೊಂಡಾಗ ಕರೆಂಟನ್ನು ತಡೆಯುತ್ತದೆ. ಕಾಯಿಲಿಗೆ ಕಾವಲು, ನಿಮಗೆ ಎಚ್ಚರಿಕೆ, ಎರಡೂ ಒಂದೇ ಬಲ್ಬಿನಲ್ಲಿ. ಬಲ್ಬ್ ಹೊತ್ತಿಕೊಂಡರೆ ತಕ್ಷಣ ತಂತಿ ತೆಗೆದು ಮತ್ತೆ ಪಾಯಿಂಟ್ ನೋಡಿ.

ಸರಿಯಾಗಿದ್ದರೆ ಮೊದಲ ಟಕ್ ತಕ್ಷಣ ಕೇಳುತ್ತದೆ. ಎರಡನೆಯದಕ್ಕೆ ಕಾಯಬೇಕು. ಆ ಒಂದೆರಡು ನಿಮಿಷ ಹಾಲು ಉಕ್ಕುವುದನ್ನು ಕಾಯ್ದ ಹಾಗೆ. ಎರಡನೆಯದು ಬಂದರೆ, ಮೂರನೆಯದೂ ಬಂದರೆ, ಒಂದು ಇಡೀ ದಿನ ಹಾಗೇ ಓಡಲು ಬಿಡಿ. ನಮ್ಮದು ಅಡುಗೆಮನೆಯ ಕಿಟಕಿಯಲ್ಲಿ ಒಂದು ಹಗಲು ಒಂದು ರಾತ್ರಿ ಓಡಿತು. ಊಟದ ಹೊತ್ತಿಗೆ ಟಕ್ ಅಂದಾಗಲೆಲ್ಲ ಮಗಳು ಲೆಕ್ಕ ಹಾಕುತ್ತಿದ್ದಳು.

ವೇಗ ಸರಿಮಾಡಲು ಹಿಂದೆ ಪ್ಲಸ್, ಮೈನಸ್ ಗುರುತಿನ ಪುಟ್ಟ ಸ್ಕ್ರೂ ಇರುತ್ತದೆ. ಫೋನಿನ ಸಮಯಕ್ಕೆ ಹೊಂದಿಸಿ 24 ಗಂಟೆ ಬಿಟ್ಟು ನೋಡಿ. ಹಿಂದೆ ಬಿದ್ದಿದ್ದರೆ ಪ್ಲಸ್ ಕಡೆಗೆ ಕೂದಲಿನಷ್ಟು ತಿರುಗಿಸಿ. ಮತ್ತೆ 24 ಗಂಟೆ. ದಿನಕ್ಕೆ ಒಂದೆರಡು ನಿಮಿಷದ ವ್ಯತ್ಯಾಸಕ್ಕೆ ತಂದರೆ ಸಾಕು. ಬಿಸಿಲಿಗೂ ಚಳಿಗೂ ಇಷ್ಟು ಹಳೆಯ ಗಡಿಯಾರ ಸ್ವಲ್ಪ ಅತ್ತಿತ್ತ ಆಗುತ್ತದೆ.

ಕ್ವಾರ್ಟ್ಜ್ ಆಗಿದ್ದರೆ

ಇಲ್ಲಿ ಕೆಲಸ ಕಡಿಮೆ. ಟಿ3ರ ಮೀಟರ್‌ಗಳ ಹಿಂದೆ ತೆಳು ಪ್ಲಾಸ್ಟಿಕ್ ಹಾಳೆ ಇದೆ, ಅದರೊಳಗೆ ತಾಮ್ರದ ದಾರಿಗಳು. ಗಡಿಯಾರಕ್ಕೆ ಕರೆಂಟ್ ಬರುವುದು ಆ ಹಾಳೆಯ ಮೂಲಕ, ಗಡಿಯಾರದ ಹಿಂದಿನ ನಟ್‌ಗಳಿಗೆ. ನಟ್ ಸಡಿಲವಾಗಿ ಅಥವಾ ಕಿಲುಬು ಹಿಡಿದು ಗಡಿಯಾರ ನಿಲ್ಲುವುದೇ ಹೆಚ್ಚು. ನಟ್ ಬಿಚ್ಚಿ, ತಾಮ್ರವನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜಿ, ಮತ್ತೆ ಬಿಗಿ ಮಾಡಿ. ಹಾಳೆಯನ್ನು ಮಡಚಬೇಡಿ, ತಾಮ್ರ ಸೀಳಿದರೆ ಬೇರೆ ಮೀಟರ್‌ಗಳೂ ಹೋಗುತ್ತವೆ.

ಕರೆಂಟ್ ಬಂದೂ ಓಡದಿದ್ದರೆ ಒಳಗಿನ ಬೋರ್ಡ್ ನೋಡಿ. ಬೆರಳಲ್ಲಿ ತಟ್ಟಿದಾಗ ಓಡಿ ಮತ್ತೆ ನಿಂತರೆ ಬೆಸುಗೆ ಬಿರುಕು ಬಿಟ್ಟಿದೆ. ಇಲ್ಲಿ ಮಾಮೂಲಿ ಸೀಸವನ್ನೇ ಹಾಕಿ, ಬಿಸ್ಮತ್ ಬೇಡ. ಮುಳ್ಳು ಇದ್ದಲ್ಲೇ ನಡುಗುತ್ತಿದ್ದರೆ ಅನುಮಾನ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್ ಮೇಲೆ. ಇಷ್ಟು ವರ್ಷಕ್ಕೆ ಅದು ಒಳಗೆ ಒಣಗಿರುತ್ತದೆ. ಅದರ ಮೇಲೆ ಬರೆದ ಮೈಕ್ರೋಫ್ಯಾರಡ್ ಎಷ್ಟಿದೆಯೋ ಅಷ್ಟೇ ಇರುವ ಹೊಸದನ್ನು ತನ್ನಿ. ವೋಲ್ಟ್ ಅಷ್ಟೇ ಇರಲಿ ಅಥವಾ ಜಾಸ್ತಿ ಇರಲಿ, ಕಡಿಮೆ ಮಾತ್ರ ಬೇಡ. 105 ಡಿಗ್ರಿ ಅಂತ ಬರೆದದ್ದು ತೆಗೆದುಕೊಳ್ಳಿ, ಬಿಸಿಲಲ್ಲಿ ನಿಂತ ಡ್ಯಾಶ್‌ಬೋರ್ಡ್ ತುಂಬಾ ಕಾಯುತ್ತದೆ. ಪಟ್ಟೆ ಇರುವ ಕಡೆ ಮೈನಸ್. ತಿರುಗಾಮುರುಗಾ ಹಾಕಿದರೆ ಸಿಡಿಯುತ್ತದೆ.

ಹರಳು ಕೆಡುವುದು ಅಪರೂಪ. ಇಂಥ ಕಾರು ಗಡಿಯಾರಗಳಲ್ಲಿ ಅದು ಸಾಮಾನ್ಯವಾಗಿ ಸೆಕೆಂಡಿಗೆ 41,94,304 ಸಲ ಮಿಡಿಯುತ್ತದೆ. ಈ ಸಂಖ್ಯೆಯನ್ನು 22 ಸಲ ಅರ್ಧ ಮಾಡುತ್ತಾ ಹೋಗಿ, ಸರಿಯಾಗಿ ಒಂದು ಉಳಿಯುತ್ತದೆ. ಚಿಪ್ ಮಾಡುವುದೂ ಅದನ್ನೇ. ಮಕ್ಕಳಿಗೆ ಕಾಗದ ಕೊಟ್ಟು ಲೆಕ್ಕ ಮಾಡಿಸಿ, ಖುಷಿಪಡುತ್ತಾರೆ.

ಹೊಸ ಅಗ್ಗದ ಕ್ವಾರ್ಟ್ಜ್ ಯಂತ್ರವನ್ನು ಹಳೆಯ ಟಕ್ ಗಡಿಯಾರದೊಳಗೆ ಕೂರಿಸುವವರೂ ಇದ್ದಾರೆ. ಕಾಯಿಲ್ ಸುಟ್ಟು ಬೇರೆ ದಾರಿ ಇಲ್ಲದಿದ್ದರೆ ಮಾಡಿ. ಕಾಯಿಲ್ ಬದುಕಿರುವಾಗ ದಯವಿಟ್ಟು ಬೇಡ.

ಮರಳಿ ಕೂರಿಸುವುದು, ಚಳಿಗಾಲಕ್ಕೆ ಸಜ್ಜು ಮಾಡುವುದು

ಗಾಜಿನ ಒಳಮೈ ಒರೆಸಿ ಉಂಗುರದ ಅಂಚನ್ನು ಮತ್ತೆ ಸುತ್ತಲೂ ಸ್ವಲ್ಪಸ್ವಲ್ಪವೇ ಮಡಚಿ. ಚಿಕ್ಕ ದೀಪದ ಬಲ್ಬನ್ನು ಈಗಲೇ ಹೊಸದು ಹಾಕಿಬಿಡಿ, ಅದೊಂದಕ್ಕಾಗಿ ಮತ್ತೆ ಬಿಚ್ಚುವುದು ಯಾರಿಗೆ ಬೇಕು? ತಂತಿಗಳನ್ನು ಫೋಟೋ ನೋಡಿ ಹಾಕಿ. ಸ್ಪೀಡೋಮೀಟರ್ ಕೇಬಲ್ ಮರೆಯಬೇಡಿ. ಕೊನೆಗೆ ಬ್ಯಾಟರಿ ಜೋಡಿಸಿ. ಜೋಡಿಸುವ ಮುಂಚೆ ಅದು 12.5 ವೋಲ್ಟಿಗಿಂತ ಮೇಲಿದೆಯೇ ನೋಡಿ, ಇಲ್ಲದಿದ್ದರೆ ಮೊದಲು ಚಾರ್ಜ್ ಮಾಡಿ. ಸೋತ ಬ್ಯಾಟರಿಗೆ ಹೊಸ ಬೆಸುಗೆಯ ಗಡಿಯಾರ ಜೋಡಿಸಿದರೆ ಅದೇ ರಾತ್ರಿ ಬೆಸುಗೆ ಬಿಡಬಹುದು.

ಗಡಿಯಾರದ ಪ್ಲಸ್ ತಂತಿಗೆ ಕೈಗೆಟಕುವ ಕಡೆ ಒಂದು ಬಿಡಿಸಿ ಜೋಡಿಸುವ ಕನೆಕ್ಟರ್ ಹಾಕಿ. ವ್ಯಾನನ್ನು ಶೆಡ್ಡಿಗೆ ಸೇರಿಸುವ ದಿನ ಅದನ್ನು ಎಳೆದು ಬಿಡಿಸಿ. ವ್ಯಾನ್ ಮೂರು ವಾರಕ್ಕಿಂತ ಜಾಸ್ತಿ ನಿಲ್ಲುತ್ತದೆ ಅಂತಾದರೂ ಬಿಡಿಸಿ. ಮೂಲ ತಂತಿ ಕತ್ತರಿಸಲು ಮನಸ್ಸು ಬರದಿದ್ದರೆ ಫ್ಯೂಸನ್ನೇ ತೆಗೆದಿಡಬಹುದು, ಆದರೆ ಅದೇ ಫ್ಯೂಸಿನಲ್ಲಿ ಬೇರೆ ಏನೇನಿದೆ ಅಂತ ನೋಡಿಕೊಳ್ಳಿ.

ಆ ಕನೆಕ್ಟರ್ ಇನ್ನೊಂದಕ್ಕೂ ಒದಗುತ್ತದೆ. ಯೂರೋಪಿನಲ್ಲಿ ಮಾರ್ಚ್ ಕೊನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ, ಅಕ್ಟೋಬರ್ ಕೊನೆಯ ಭಾನುವಾರ ಒಂದು ಗಂಟೆ ಹಿಂದಕ್ಕೆ ಮಾಡುತ್ತಾರೆ. ಹಳೆಯ ಗಡಿಯಾರದ ಮುಳ್ಳನ್ನು ಹಿಂದಕ್ಕೆ ತಿರುಗಿಸಿ ಒತ್ತಡ ಹಾಕುವುದು ನನಗೆ ಇಷ್ಟವಿಲ್ಲ. ಅಕ್ಟೋಬರ್‌ನಲ್ಲಿ ತಂತಿ ಬಿಡಿಸಿ, ಗಡಿಯಾರ ನಿಂತ ಮೇಲೆ ಒಂದು ಗಂಟೆ ವ್ಯಾನ್ ಒರೆಸಿ, ಕಾಫಿ ಕುಡಿದು, ಮತ್ತೆ ಜೋಡಿಸಿ. ತಂತಿ ತಾಗಿದ ತಕ್ಷಣ ಟಕ್ ಅನ್ನುತ್ತದೆ.